ಕಟ್ಟಿದವರೇ ಬಿಚ್ಚಬೇಕು

ನಮ್ಮೂರಿನಲ್ಲಿ ಹೊಳೆ ಇಲ್ಲ. ಆದರೂ ನಾವು ಅಂಬಿಗರು. ನನ್ನಪ್ಪ ಅಂಬಿಗ, ಅಜ್ಜ ಅಂಬಿಗ, ಅವನಜ್ಜನೂ ಅಂಬಿಗ. ಈಚೆ ಗುಡ್ಡದ ನೆತ್ತಿಯ ಮೇಲೆ ನಮ್ಮೂರು, ಆಚೆ ಗುಡ್ಡದ ನೆತ್ತಿಯ ಮೇಲೆ ನಮ್ಮ ನೆಂಟರ ಊರು. ನಡುವೆ ಇರುವುದು ಬರೀ ಗಾಳಿ. ಎಳೆಬಿಸಿಲು ಕಣಿವೆಯ ಬಂಡೆಗಳನ್ನು ಮುಟ್ಟುತ್ತಲೇ ಗಾಳಿ ಕೆಳಗಿನಿಂದ ತುಂಬಿಕೊಂಡು ಬಂದು ಊರಂಚಿನ ಕಲ್ಲುಕಟ್ಟೆಗೆ ತಾಗಿ ನಿಲ್ಲುತ್ತದೆ. ಆಗ ನಾವು ಹರಿಗೋಲನ್ನು ಕಟ್ಟೆಯಿಂದ ಗಾಳಿಗೆ ಇಳಿಸಿ, ಹುಟ್ಟು ಹಾಕಿ ಆಚೆ ದಡಕ್ಕೆ ಹೋಗುತ್ತೇವೆ. ಉಪ್ಪು, ಬೆಲ್ಲ, ಬಳೆಗಾರ, ಬಾಣಂತಿ, ಎಮ್ಮೆಕರು, ಎಲ್ಲವೂ ಹಾಗೆಯೇ ದಾಟುವುದು.

ಹೊರಡುವ ಮುಂಚೆ ಪ್ರತಿ ಅಂಬಿಗನೂ ಒಂದು ಹಿಡಿ ಮಂಡಕ್ಕಿಯನ್ನು ಗಾಳಿಗೆ ತೂರುತ್ತಾನೆ. ಅದು ಗಾಳೆಮ್ಮನ ಪಾಲು. ಮಂಡಕ್ಕಿ ಹಾರಿದ ದಿಕ್ಕು ನೋಡಿದರೆ ತಾಯಿ ಇವತ್ತು ಯಾವ ಕಡೆ ಮುಖ ಮಾಡಿ ಕೂತಿದ್ದಾಳೆ ಎಂಬುದು ತಿಳಿಯುತ್ತದೆ. ಭಕ್ತಿಯೂ ಆಯಿತು, ಗಾಳಿಯೂ ಗೊತ್ತಾಯಿತು. ದೇವರ ಕೆಲಸವನ್ನೂ ಹೊಟ್ಟೆಪಾಡನ್ನೂ ನಮ್ಮ ಹಿರಿಯರು ಬೇರೆ ಬೇರೆ ಗಂಟು ಕಟ್ಟಿದವರಲ್ಲ.

ಇಷ್ಟೇ ಆಗಿದ್ದರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಕಣಿವೆಯ ನಟ್ಟನಡುವೆ ಒಂದು ಒಂಟಿ ಬಂಡೆಗುಡ್ಡ, ಅದರ ಮೇಲೆ ದಂಡಿನವರ ಕೋಟೆ. ಕೋಟೆಯ ಬುರುಜಿನ ಮೇಲೊಂದು ಕಂಬ, ಕಂಬದ ತುದಿಯಲ್ಲಿ ಕೆಂಪು ಬಟ್ಟೆ. ಬಟ್ಟೆ ಇರುವ ತನಕ ಅದರ ಸುತ್ತಲಿನ ಬಾನು ಮೊದಲನೇ ದರ್ಜೆಯ ಬಾನು, ಅಂದರೆ ದಂಡಿನದು. ಅಲ್ಲಿ ಹರಿಗೋಲು ಕಂಡರೆ ತೋಪಿನ ಗುಂಡಿಗೆ ಅಡ್ಡ ಬಂದ ಹಾಗೆ ಎಂದು ಯಾವ ಕಾಲದಲ್ಲೋ ಡಂಗುರ ಹೊಡೆಸಿದ್ದರಂತೆ. ಬಟ್ಟೆ ಇಲ್ಲದಾಗ ಅದು ಎರಡನೇ ದರ್ಜೆಯ ಬಾನು, ಯಾರು ಬೇಕಾದರೂ ಹಾಯಬಹುದು. ಆದರೆ ಬಟ್ಟೆಯಿಲ್ಲದ ಕಂಬವನ್ನು ನಾನು ಕಂಡವನಲ್ಲ, ನನ್ನಪ್ಪನೂ ಕಂಡವನಲ್ಲ.

ಹಾಗಾಗಿ ನಾವು ಸುತ್ತುಹಾಕಿ ಹುಚ್ಚವ್ವನ ಕೊರಕಲಿನ ಮೇಲೆ ಹೋಗುತ್ತಿದ್ದೆವು. ಅಲ್ಲಿ ಎರಡು ಕಡೆಯ ಗಾಳಿ ಬಂದು ಒಂದಕ್ಕೊಂದು ಜಡೆ ಹಿಡಿದು ಜಗಳವಾಡುತ್ತವೆ. ಒಮ್ಮೊಮ್ಮೆ ನಮ್ಮನ್ನು ಬಿಡುತ್ತವೆ, ಒಮ್ಮೊಮ್ಮೆ ಬಿಡುವುದಿಲ್ಲ. ಹೋಗಿ ಬಾರದವರ ಹುಟ್ಟುಗಳನ್ನು ತಂದು ಗಾಳೆಮ್ಮನ ಗುಡಿಯ ಬೇವಿನ ಮರಕ್ಕೆ ತೂಗುಹಾಕುವುದು ನಮ್ಮಲ್ಲಿ ಪದ್ಧತಿ. ಗಾಳಿ ಬಂದಾಗ ಅವು ಒಂದಕ್ಕೊಂದು ತಾಗಿ ಟಕ್ ಟಕ್ ಎನ್ನುತ್ತವೆ. ಆ ಮರದ ಕೆಳಗೆ ದಿನವೂ ದೀಪ ಹಚ್ಚುವವನು ನಾನು, ಯಂಕೋಬ. ನನ್ನ ಹುಟ್ಟೂ ಅಲ್ಲಿ ತೂಗಬೇಕಾಗಿತ್ತು. ಹೋದ ವರ್ಷ ಕೊರಕಲು ನನ್ನ ಹರಿಗೋಲನ್ನು ಬಂಡೆಗೆ ಅಪ್ಪಳಿಸಿತು. ತಾಯಿ ದೊಡ್ಡವಳು, ಒಂದು ಕಾಲನ್ನು ಮಾತ್ರ ಇಟ್ಟುಕೊಂಡು ಉಳಿದ ನನ್ನನ್ನು ಮನೆಗೆ ಕಳಿಸಿದಳು. ಕಾಲು ಈಗಲೂ ಇದೆ, ಆದರೆ ಅದು ನನ್ನ ಮಾತು ಕೇಳುವುದಿಲ್ಲ.

ಅಂದಿನಿಂದ ಹುಟ್ಟು ಹಿಡಿದವಳು ನನ್ನ ಹೆಂಡತಿ ಹುಲಿಗೆವ್ವ. ಊರಿನಲ್ಲಿ ಯಾರಾದರೂ "ಪಾಪ, ಹೆಣ್ಣುಮಗಳು" ಎಂದರೆ ಅವಳು ತಿರುಗಿ, "ಪಾಪ ಯಾಕವ್ವಾ? ಇವ್ರ ಕಾಲು ಮುರಿದದ್ದು ನನಗ ಒಳ್ಳೇದ ಆತು. ಮೊದಲು ನಾ ಮಾತಾಡಕ್ಕ ಬಾಯಿ ತೆಗೆದ್ರ ಹರಿಗೋಲು ಹತ್ತಿ ಓಡ್ತಿದ್ರು. ಈಗ ಒಂದ ಕಡೆ ಕುಂತು ಪೂರಾ ಕೇಳ್ತಾರ" ಎನ್ನುತ್ತಿದ್ದಳು. ನಾನೂ ಹರಿಗೋಲಿನಲ್ಲಿ ಭಾರಕ್ಕೆಂದು ಕೂರುತ್ತಿದ್ದೆ. ಗಾಳಿಯಲ್ಲಿ ಹರಿಗೋಲು ನಿಲ್ಲಬೇಕಾದರೆ ತಳದಲ್ಲಿ ಒಂದು ಭಾರ ಬೇಕೇ ಬೇಕು. ಮೊದಲು ಕಲ್ಲು ಇಡುತ್ತಿದ್ದೆವು. "ಕಲ್ಲಿಗಿಂತ ಗಂಡ ವಾಸಿ, ಎಲೆ ಅಡಿಕೆ ಮಡಿಚಿ ಕೊಡ್ತಾನ" ಎಂಬುದು ಅವಳ ತೀರ್ಮಾನ.

ಹೀಗಿರುವಾಗ ನಮ್ಮ ಮಗಳು ತುಂಗಿಗೆ ಆಚೆ ಗುಡ್ಡದ ಜಡೆಪ್ಪನನ್ನು ಗೊತ್ತುಮಾಡಿದೆವು. ಗೊತ್ತುಮಾಡಿದೆವು ಎನ್ನುವುದು ನಮ್ಮ ಮರ್ಯಾದೆಗೆ. ಅವರಿಬ್ಬರೂ ಉಪ್ಪಿನ ಮೂಟೆ ಇಳಿಸುವಾಗಲೇ ಒಬ್ಬರಿಗೊಬ್ಬರು ಗೊತ್ತಾಗಿಬಿಟ್ಟಿದ್ದರು. ಹುಡುಗ ಒಳ್ಳೆಯವನು. ಅವನ ಅಪ್ಪ ಹೊನ್ನೂರಪ್ಪ ಅದಕ್ಕಿಂತ ಒಳ್ಳೆಯವನು, ಆದರೆ ಅಂಜುಬುರುಕ. ವೀಳ್ಯ ಆಗಿ ಸ್ವಲ್ಪ ದಿನಕ್ಕೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತ. ಕೊರಕಲು ದಾಟಿ ಬಂದ ಮುಖ ಇನ್ನೂ ಸುಣ್ಣದ ಹಾಗಿತ್ತು. ನೀರು ಕುಡಿದ, ಬೆಲ್ಲ ಕಡಿದ, ಆಮೇಲೆ ನೆಲ ನೋಡುತ್ತ ಹೇಳಿದ.

"ತಂಗೀ, ಸಿಟ್ಟು ಮಾಡ್ಕೋಬ್ಯಾಡ. ನಮ್ಮವ್ವ ಕೊರಕಲು ದಾಟಾಕ ಒಲ್ಲೆ ಅಂತಾಳ. ನಮ್ಮಪ್ಪನ್ನ ತಿಂದದ್ದು ಅದೇ ಕೊರಕಲು. ಅವ್ವನ ಕೈಲೆ ಕಾಲುಂಗುರ ಇಡಿಸದ ನಮ್ಮ ಮನ್ಯಾಗ ಮದುವಿ ಆಗಾಂಗಿಲ್ಲ."

"ಅದಕ್ಕೇನಣ್ಣ, ನಾವ ಅಲ್ಲಿಗೆ ಬರ್ತೀವಿ. ನಿಮ್ಮ ಅಂಗಳದಾಗ ಮದುವಿ ಮಾಡೂಣು" ಎಂದೆ ನಾನು.

"ಅಂದ್ರ ನಿಮ್ಮ ಮಂದಿ ದಾಟಬೇಕಲ್ಲ ಮಾವಾ. ಅದೇ ಕೊರಕಲು, ಅದೇ ಸುಳಿ. ಈ ದಿನಮಾನದಾಗ ಮಕ್ಕಳು ಮುದುಕರನ್ನ ಅದರ ಬಾಯಿಗೆ ಒಯ್ದು ಲಗ್ನ ಮಾಡಿದ್ರ ನನಗ ನಿದ್ದಿ ಹತ್ತತೈತೇನು? ನೇರ ದಾರಿ ಇದ್ರ ಹೇಳ್ರಿ, ನಾಳೇನೆ ಬರ್ತೀನಿ. ಇಲ್ಲಂದ್ರ ವೀಳ್ಯ ತಿರುಗಿ ತಗೋರಿ."

ಅವನ ಕಣ್ಣಲ್ಲಿ ನೀರಿತ್ತು. ಒಳಗೆ ತುಂಗಿಯ ಬೀಸುಕಲ್ಲು ನಿಂತುಹೋಯಿತು. ಹುಲಿಗೆವ್ವ ಅವನಿಗೆ ಊಟ ಬಡಿಸಿದಳು, ಹರಿಗೋಲಿಗೆ ಹತ್ತಿಸಿ ಕಳಿಸಿಕೊಟ್ಟಳು. ಆಮೇಲೆ ಕಟ್ಟೆಯ ಮೇಲೆ ನಿಂತು ಕೋಟೆಯ ಕಡೆ ಬಹಳ ಹೊತ್ತು ನೋಡಿದಳು.

"ಹೊನ್ನೂರಣ್ಣ ಹೇಳಿದ್ದು ಮದುವಿ ದಿನದ ಮಾತು ಅಷ್ಟ" ಎಂದಳು. "ನಾ ಆಮ್ಯಾಲಿಂದು ವಿಚಾರ ಮಾಡಾಕ ಹತ್ತೀನಿ. ಪಂಚಮಿಗೆ ಬರ್ತಾಳ, ದೀವಳಿಗಿಗೆ ಬರ್ತಾಳ, ಹೆರಿಗಿಗೆ ಬರ್ತಾಳ. ನನ್ನ ಮಗಳು ತವರಿಗೆ ಬರೋ ದಾರಿ ಹುಚ್ಚವ್ವನ ಕೊರಕಲು ಅಂದ್ರ, ಪ್ರತಿ ಹಬ್ಬಕ್ಕ ನಾ ಹೋಳಿಗಿ ಮಾಡ್ಲೋ, ಬೇವಿನ ಮರ ನೋಡ್ತ ಕುಂದರ್ಲೋ?"

"ಮತ್ತೇನು ಮಾಡಬೇಕು?"

"ಕೋಟಿಗೆ ಹೋಗಿ ಬಾನು ಕೇಳ್ತೀನಿ."

ಊರಿನಲ್ಲಿ ಈ ಮಾತು ಹರಡಲು ತಡವಾಗಲಿಲ್ಲ. ಡಾಂಬರು ಕಾಯಿಸುವವರು, ತೊಗಲು ಹೊಲಿಯುವವರು ಎಲ್ಲರಿಗೂ ನಗು. "ಹುಲಿಗೆವ್ವ ಬಾನು ಕೇಳಾಕ ಹೊಂಟಾಳ, ಬರುವಾಗ ನನಗ ಒಂದೆರಡು ನಕ್ಷತ್ರ ತಗೊಂಬಾ ಅನ್ರಿ" ಎಂದರು. ಅವಳು, "ತರ್ತೀನಿ, ಚೀಲ ಕೊಡು" ಎಂದಳು. ನಗುವವರಿಗೂ ಒಳಗೊಳಗೆ ಒಂದು ಆಶ್ಚರ್ಯ. ಇಷ್ಟು ತಲೆಮಾರು ಆ ಬಟ್ಟೆಗೆ ಹೆದರಿ ಸುತ್ತುಹಾಕಿದ್ದೇವೆ, ಯಾಕೆ ಕಟ್ಟಿದ್ದೀರಿ ಎಂದು ಕೇಳಲು ಒಬ್ಬನೂ ಹೋಗಿರಲಿಲ್ಲ.

ಕೋಟೆಗೆ ಬಾನಿನಲ್ಲಿ ಹೋಗುವಂತಿಲ್ಲ, ನೆಲದಲ್ಲಿ ಹೋಗಬೇಕು. ಕಣಿವೆಗೆ ಇಳಿದು ಮತ್ತೆ ಹತ್ತುವ ಆ ದಾರಿ ಚೆನ್ನಾಗಿ ಗೊತ್ತಿದ್ದದ್ದು ಮಡಿವಾಳರ ಲಿಂಗವ್ವನಿಗೆ. ದಂಡಿನವರ ಬಟ್ಟೆ ಒಗೆಯುವುದು ಅವಳ ಮನೆತನಕ್ಕೆ ಬಂದ ಕೆಲಸ. ಅವಳ ಜೊತೆಗೇ ಹೊರಟೆವು. ನನ್ನ ಕಾಲಿಗೆ ಆ ಏರು ಆಗದ ಮಾತು, ಅದಕ್ಕೆ ನನ್ನನ್ನು ಮೂಟೆಗಳ ನಡುವೆ ಅವಳ ಕತ್ತೆಯ ಮೇಲೆ ಕೂರಿಸಿದರು.

"ಯಂಕೋಬಣ್ಣ, ಗಂಡಸರನ್ನ ಕತ್ತಿ ಮ್ಯಾಲೆ ಮೆರವಣಿಗಿ ಮಾಡೋದು ತಪ್ಪು ಮಾಡಿದಾಗ. ನೀ ಏನ್ ಮಾಡೀಯಪ್ಪಾ?" ಎಂದಳು ಲಿಂಗವ್ವ.

"ಇವಳನ್ನ ಮದುವಿ ಆಗೀನಿ" ಎಂದೆ.

ಹುಲಿಗೆವ್ವ ನಗುತ್ತ ಕತ್ತೆಗೆ ಒಂದು ಏಟು ಹಾಕಿದಳು. ಅದು ನನ್ನನ್ನೂ ಹೊತ್ತುಕೊಂಡು ಅರ್ಧ ಗುಡ್ಡ ಓಡಿತು.

ಕೋಟೆಯೆಂದರೆ ನಾನು ಏನೇನೋ ಎಣಿಸಿದ್ದೆ. ಬಾಗಿಲು ದಾಟಿದ ಕೂಡಲೇ ಕಂಡದ್ದು ಉದ್ದಕ್ಕೆ ಮಲಗಿದ್ದ ತೋಪುಗಳು. ಅವುಗಳ ಮೇಲೆ ಸಾಲಾಗಿ ಹಪ್ಪಳ ಒಣಗುತ್ತಿದ್ದವು. ಒಬ್ಬ ಸಿಪಾಯಿ ಕಾಗೆ ಓಡಿಸುತ್ತಿದ್ದ. ಲಿಂಗವ್ವ ಬಟ್ಟೆ ಎಣಿಸಿಕೊಳ್ಳಲು ಹಿತ್ತಲಿಗೆ ಹೋದಳು. ಹವಾಲ್ದಾರ ದಾದಾಪೀರ ನಮ್ಮನ್ನು ಕಿಲ್ಲೇದಾರರ ಹತ್ತಿರ ಕರೆದೊಯ್ದ. ಕಿಲ್ಲೇದಾರ ಮಾನಾಜಿರಾಯರು ವಯಸ್ಸಾದವರು, ಕೋಟೆಯ ಅಂಗಳದ ಬೇವಿನ ಮರದ ಕೆಳಗೆ ಚಾಪೆ ಹಾಕಿಕೊಂಡು ಹರಿದ ಜಪಮಾಲೆ ಪೋಣಿಸುತ್ತಿದ್ದರು. ನಮ್ಮನ್ನು ಕಂಡು ಗಾಬರಿಯಾದವರು ಅವರೇ. ಊರಿನವರು ಕೋಟೆಗೆ ಬಂದದ್ದು ಅವರ ಕಾಲದಲ್ಲಿ ಅದೇ ಮೊದಲು.

ಹುಲಿಗೆವ್ವ ಸುತ್ತಿಬಳಸಲಿಲ್ಲ. ಮಗಳ ಮದುವೆ, ಕೊರಕಲು, ನನ್ನ ಕಾಲು, ಬೇವಿನ ಮರದ ಹುಟ್ಟುಗಳು, ಎಲ್ಲ ಹೇಳಿ, "ಯಪ್ಪಾ, ನಿಮ್ಮ ತೋಪಿಗೆ ನಾವು ಅಡ್ಡ ಬರಾಂಗಿಲ್ಲ. ತೋಪು ಹಾರಿಸೋದು ಯಾವಾಗ ಅಷ್ಟು ಹೇಳ್ರಿ" ಎಂದಳು.

"ಬೆಳಿಗ್ಗೆ, ಗಂಜಿಗೆ ಮುಂಚೆ" ಎಂದರು ಕಿಲ್ಲೇದಾರರು.

"ಆಮ್ಯಾಲೆ?"

"ಆಮೇಲೆ ತೋಪು ಬಿಸಿ ಇರ್ತದಲ್ಲಮ್ಮ, ಹಪ್ಪಳ ಹಾಕ್ತಾರೆ."

"ಹಂಗಾದ್ರ ಗಂಜಿ ಕುಡಿದ ಮ್ಯಾಲೆ ಈ ಮೊದಲನೇ ದರ್ಜಿ ಬಾನು ಯಾರದ್ರಿ?"

ಕಿಲ್ಲೇದಾರರು ಮೇಲೆ ನೋಡಿದರು, ತೋಪಿನ ಕಡೆ ನೋಡಿದರು. "ಹಪ್ಪಳದ್ದು ಅನ್ನಬೇಕಾಗ್ತದೆ" ಎಂದರು. ತಮ್ಮ ಮಾತಿಗೆ ತಾವೇ ನಕ್ಕರು. ನಕ್ಕು ಮುಗಿದ ಮೇಲೆ ಮುಖ ಸಣ್ಣದಾಯಿತು. "ತಾಯಿ, ನಿಮ್ಮಾಣೆ, ನನಗೂ ಇದು ಸರಿ ಕಾಣುವುದಿಲ್ಲ. ಆದರೆ ದಂಡಿನ ಕಟ್ಟಳೆ ಒಂದಿದೆ. ಕಂಬದ ಬಟ್ಟೆ ಕಟ್ಟಿದವರೇ ಬಿಚ್ಚಬೇಕು. ಯಾಕೆಂದರೆ ಗುಂಡು ಮುಗಿಯಿತೋ ಇಲ್ಲವೋ ಎಂದು ಗೊತ್ತಿರುವುದು ಕಟ್ಟಿದವನಿಗೇ. ಬೇರೆಯವರು ಬಿಚ್ಚಿದರೆ ಅನಾಹುತ. ಒಳ್ಳೆಯ ಕಟ್ಟಳೆಯೇ. ಆದರೆ ಯಾವ ಕಾಲದಲ್ಲೋ ಒಬ್ಬ ಕಿಲ್ಲೇದಾರರು ಬೆಳಿಗ್ಗೆ ಬಟ್ಟೆ ಕಟ್ಟಿ, ಬಿಚ್ಚುವುದರೊಳಗೆ ತೀರಿಕೊಂಡರು. ಅವರ ನಂತರ ಬಂದವರು ಕಟ್ಟಿದ ಬಟ್ಟೆಗೇ ನಮಸ್ಕಾರ ಮಾಡಿ ಅಧಿಕಾರ ತೆಗೆದುಕೊಂಡರು. ನಾನೂ ಹಾಗೇ ಮಾಡಿದೆ. ನಾನು ಕಟ್ಟಿಲ್ಲ, ನಾನು ಹೇಗೆ ಬಿಚ್ಚಲಿ?"

ದಾದಾಪೀರ ಬಾಯಿಗೆ ಕೈ ಹಚ್ಚಿಕೊಂಡ. "ಅಯ್ಯೋ ಸಾಹೇಬ್ರ, ನಾವು ಸಿಪಾಯಿಗಳೆಲ್ಲ ಅದು ಇವರ ಗಾಳೆಮ್ಮನ ಬಟ್ಟಿ ಅಂತ ತಿಳಕೊಂಡಿದ್ವಿ. ಇವರು ದೂರದಾಗ ಹೋಗುವಾಗೆಲ್ಲ ಅದಕ್ಕ ಕೈ ಮುಗೀತಾರ. ದೇವ್ರ ಬಟ್ಟಿ, ಮುಟ್ಟಬಾರದು ಅಂತ ಸುಮ್ಮನಿದ್ವಿ."

"ನಾವು ಕೈ ಮುಗಿಯೋದು ಅಂಜಿಕಿಗೆ ಅಣ್ಣಾ" ಎಂದೆ ನಾನು.

ಬಟ್ಟೆ ಮೇಲೆ ಪಟಪಟ ಎನ್ನುತ್ತಿತ್ತು. ನಾನು ಮನಸ್ಸಿನಲ್ಲೇ, ತಾಯಿ ಗಾಳೆಮ್ಮ, ನಿನ್ನ ಬಾನಿಗೆ ನಿನ್ನ ಮಕ್ಕಳೇ ಹಾಕಿದ ಗಂಟು, ನೀನೇ ದಾರಿ ತೋರಿಸು ಎಂದೆ. ತಾಯಿ ತೋರಿಸಿದಳು. ಹುಲಿಗೆವ್ವ ಕಣ್ಣು ಕಿರಿದುಮಾಡಿ ಮೇಲೆ ನೋಡುತ್ತಿದ್ದಳು.

"ಆ ಕಿಲ್ಲೇದಾರರು ಸತ್ತು ಎಷ್ಟು ಕಾಲ ಆತ್ರಿ?"

"ನಮ್ಮಜ್ಜನ ಕಾಲಕ್ಕೂ ಹಿಂದೆ."

"ಮತ್ತ ಬಟ್ಟಿ ಹೊಸಾ ದಾಸವಾಳ ಇದ್ದಂಗ ಐತಲ್ಲ? ಈ ಗಾಳ್ಯಾಗ ನನ್ನ ಸೀರಿ ಒಂದು ವರ್ಷ ತಡಿಯಾಂಗಿಲ್ಲ."

ಕಿಲ್ಲೇದಾರರು ಎದ್ದು ನಿಂತರು. ಅವರೂ ಮೊದಲ ಸಲ ನೋಡುವವರ ಹಾಗೆ ಆ ಬಟ್ಟೆಯನ್ನು ನೋಡಿದರು. "ದಾದಾಪೀರ, ಇದನ್ನು ಕಟ್ಟಿದ್ದು ಯಾರು?"

"ಲಿಂಗವ್ವ ಅಲ್ರೀ? ಯುಗಾದಿ ಮುಂದ ಬಿಚ್ಚಿ ಒಯ್ದು ಒಕ್ಕೊಂಡು ಬಂದು ಕಟ್ತಾಳ."

ಯುಗಾದಿಗೆ ಮುಂಚಿನ ಆ ವಾರ ನಮ್ಮೂರಿನ ಹರಿಗೋಲುಗಳೆಲ್ಲ ಬೋರಲು ಬಿದ್ದಿರುತ್ತವೆ. ಹೊಸ ತೊಗಲು ಹೊದಿಸಿ ಡಾಂಬರು ಬಳಿಯುವ ವಾರ ಅದು. ಊರಿನ ಕಣ್ಣೆಲ್ಲ ಡಾಂಬರಿನ ಗಡಿಗೆಯ ಮೇಲೆ. ಅಷ್ಟು ತಲೆಮಾರು ವರ್ಷಕ್ಕೊಮ್ಮೆ ಬಾನು ತೆರೆದೇ ಇತ್ತು, ತಲೆಯೆತ್ತಿ ನೋಡಿದವರೇ ಇರಲಿಲ್ಲ.

ಲಿಂಗವ್ವನನ್ನು ಕರೆಸಿದರು. ಕಿಲ್ಲೇದಾರರೇ ಕರೆಯುತ್ತಿದ್ದಾರೆ ಎಂದಾಗ ಅವಳು ದೂರದಿಂದಲೇ ಕೈ ಆಡಿಸುತ್ತ ಬಂದಳು. "ನನ್ನ ಕೇಳಬ್ಯಾಡ್ರಿ, ಆ ಅಂಗಿ ಗುಂಡಿ ಮೊದಲ ಇರಲಿಲ್ಲ!"

"ಅಂಗಿ ಅಲ್ಲಮ್ಮ. ಆ ಕಂಬದ ಬಟ್ಟೆ ಕಟ್ಟಿದವರು ನೀವೇನು?"

"ನಾನ ಕಟ್ಟೀನಿ. ನಮ್ಮತ್ತಿ ಕಟ್ತಿದ್ಲು, ಅವರತ್ತಿ ಕಟ್ತಿದ್ಲು. ಹರಿದಾಗೆಲ್ಲ ಹೊಸಾದು ಹೊಲಿಸಿ ಕಟ್ಟೀವಿ. ಯಾಕ್ರೀ, ಗಂಟು ಸಡಿಲ ಆಗೇತೇನು?"

ಕಿಲ್ಲೇದಾರರು ತಲೆಯ ಪಾಗು ಸರಿಮಾಡಿಕೊಂಡು ಅವಳಿಗೆ ಕೈ ಮುಗಿದರು. ದಂಡಿನ ಕಟ್ಟಳೆಯ ಪ್ರಕಾರ ಆ ಬಾನಿನ ಮೇಲಿನ ಅಧಿಕಾರ ಇಷ್ಟು ದಿನ ಇದ್ದದ್ದು ಅವಳ ಕೈಯಲ್ಲಿ. "ಗುಂಡು ಮುಗಿದಿದೆ, ತಾಯಿ. ದಯವಿಟ್ಟು ಬಿಚ್ಚಿ."

"ಬಿಚ್ಚು ಅಂದ್ರ ಬಿಚ್ತೀನಿ. ಒಗಿಯೋ ದಿನ ಅಲ್ಲ, ಆದ್ರೂ ಕೂಲಿ ಬಿಡಾಂಗಿಲ್ಲ" ಎಂದಳು ಲಿಂಗವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬುರುಜು ಹತ್ತಿದಳು, ಹಗ್ಗ ಎಳೆದಳು, ಹಲ್ಲಿನಿಂದ ಗಂಟು ಬಿಡಿಸಿದಳು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು, ಏನೂ ಆಗಿಲ್ಲವೆಂಬಂತೆ ಇಳಿದು ಬಂದಳು.

ನಾವೆಲ್ಲ ಬೋಳು ಕಂಬವನ್ನು ನೋಡುತ್ತ ನಿಂತೆವು. ಬಾನಿನ ಬಣ್ಣವೇನೂ ಬದಲಾಗಲಿಲ್ಲ. ಒಂದು ಹದ್ದು ಮೊದಲಿನ ಹಾಗೆಯೇ ತೇಲುತ್ತಿತ್ತು. ಅದಕ್ಕೆ ಯಾರೂ ದರ್ಜೆ ಹೇಳಿಕೊಟ್ಟಿರಲಿಲ್ಲ. ದೇವರು ಕೊಟ್ಟದ್ದು ಒಂದೇ ಬಾನು. ಅದರಲ್ಲಿ ಅವರ ಗುಂಡು, ನಮ್ಮ ಅನ್ನ ಎರಡೂ ಇರಬೇಕು ಎಂದರೆ ಒಬ್ಬರಿಗೊಬ್ಬರು ಹೇಳಿಕೊಂಡು ಬಾಳುವುದೊಂದೇ ದಾರಿ. ನನಗೆ ಕಣ್ಣು ತುಂಬಿ ಬಂತು. ಹುಲಿಗೆವ್ವ ಮಾತ್ರ ಇನ್ನೂ ಹುಬ್ಬು ಗಂಟುಹಾಕಿಕೊಂಡಿದ್ದಳು.

"ಇವತ್ತು ಬಿಚ್ಚಿದ್ದು ಆತು. ನಾಳೆ ಮುಂಜಾನೆ ಗುಂಡು ಹಾರಿಸ್ತೀರಿ, ಆಗ ಬಟ್ಟಿ ಬೇಕು. ನಮ್ಮ ಮಕ್ಕಳು ಗುಂಡಿನ ಬಾಯಿಗೆ ಬೀಳಬಾರದು. ಆಮ್ಯಾಲೆ ಕಟ್ಟಿದವರು ಮರೆತ್ರ? ಮತ್ತ ನಮ್ಮ ಮೊಮ್ಮಕ್ಕಳು ಕತ್ತಿ ಹತ್ತಿ ಬರಬೇಕೇನು?"

ಕಿಲ್ಲೇದಾರರು ಯೋಚಿಸಿದರು. "ಕಟ್ಟಳೆ ಮೇಲಿನವರದು, ಅದನ್ನು ಮುರಿಯಲಾರೆ. ಆದರೆ ಅದಕ್ಕೊಂದು ಬಾಲ ಕಟ್ಟುವ ಅಧಿಕಾರ ನನಗಿದೆ" ಎಂದರು. ಅಲ್ಲೇ ಚಾಪೆಯ ಮೇಲೆ ಕೂತು ದರ್ಜೆಗಳನ್ನು ಹೊಸದಾಗಿ ಮಾಡಿದೆವು. ತೋಪಿನ ಗುಂಡು ಹಾರುವಷ್ಟು ಹೊತ್ತು ಕೆಂಪು ಬಟ್ಟೆ, ಆಗ ಯಾರೂ ಹತ್ತಿರ ಬರುವಂತಿಲ್ಲ. ಸಿಪಾಯಿಗಳು ಕವಣೆ ಬೀಸಿ ಕಲಿಯುವ ಹೊತ್ತಿಗೆ ಹಳದಿ ಬಟ್ಟೆ. ಕವಣೆ ಕಲ್ಲು ಬುರುಜಿಗಿಂತ ಬಹಳ ಮೇಲೆ ಹೋಗುವುದಿಲ್ಲ, ಹರಿಗೋಲು ಹದ್ದಿಗಿಂತ ಮೇಲೆ ಹೋದರೆ ಸಾಕು. ಎರಡೂ ಇಲ್ಲದಾಗ ಬಾನು ಎಲ್ಲರದು. ಬಾಲ ಮಾತ್ರ ಹುಲಿಗೆವ್ವನದು: ಬಟ್ಟೆ ಕಟ್ಟಿದವನು ಅದನ್ನು ಬಿಚ್ಚುವ ತನಕ ಉಣ್ಣಬಾರದು.

"ಗಂಡಸರು ಹೆಂಡ್ತಿ ಮಾತು ಮರೀತಾರ, ದೇವರ ಹರಕಿ ಮರೀತಾರ, ಹಸಿವು ಮಾತ್ರ ಮರಿಯಾಂಗಿಲ್ಲ" ಎಂದು ಅವಳು ವಿವರಿಸಿದಾಗ ಸಿಪಾಯಿಗಳೆಲ್ಲ ಒಪ್ಪಿಕೊಂಡು ತಲೆಯಾಡಿಸಿದರು.

ಹೊಸ ದಾರಿಯಲ್ಲಿ ಹುಲಿಗೆವ್ವ ಮೊದಲು ಹರಿಗೋಲು ಬಿಟ್ಟಾಗ ಊರೆಲ್ಲ ಕಟ್ಟೆಯ ಮೇಲಿತ್ತು. ಎಲೆ ಅಡಿಕೆ ಮುಗಿಯುವುದರೊಳಗೆ ಆಚೆ ಗುಡ್ಡ ಬಂತು. ಹೊನ್ನೂರಪ್ಪ ನಮ್ಮನ್ನು ಕಂಡು, ಕೊರಕಲಿನ ಕಡೆ ಕಂಡು, ಮತ್ತೆ ನಮ್ಮನ್ನು ಕಂಡು, ಅಲ್ಲೇ ನೆಲಕ್ಕೆ ಕೂತುಬಿಟ್ಟ. ವೀಳ್ಯ ತಿರುಗಿ ಕೊಡುವ ಮಾತು ಅಲ್ಲಿಗೆ ಮುಗಿಯಿತು. ಮದುವೆಗೆ ಸೋಮವಾರದ ಮುಹೂರ್ತ ನಿಂತಿತು, ಹೊತ್ತು ನೆತ್ತಿಗೆ ಬರುವ ಮುಂಚೆ.

ಬೀಗರ ಹಿರಿಯ ಹೆಣ್ಣುಮಗಳನ್ನು ಮದುಮಗಳ ತಾಯಿಯೇ ತನ್ನ ಹರಿಗೋಲಿನಲ್ಲಿ ಕರೆತರುವುದು ನಮ್ಮ ಪದ್ಧತಿ. ಆ ಸೋಮವಾರ ನಾವು ಆಚೆ ಗುಡ್ಡದಿಂದ ನಿಬ್ಬಣ ಕರೆದುಕೊಂಡು ಹೊರಟಾಗ ಹುಲಿಗೆವ್ವನ ಹರಿಗೋಲು ಎಲ್ಲಕ್ಕೂ ಮುಂದೆ. ಅದರಲ್ಲಿ ಭಾರಕ್ಕೆ ನಾನು, ಎದುರಿಗೆ ಕಣ್ಣಿಗೆ ಸೆರಗು ಕಟ್ಟಿಕೊಂಡ ಹೊನ್ನೂರಪ್ಪನ ಅವ್ವ. ಹಿಂದೆ ಬಾಸಿಂಗ ಕಟ್ಟಿದ ಜಡೆಪ್ಪ, ಅವನಪ್ಪ, ಹಲಗೆ ಬಾರಿಸುವವರು, ಸೋಬಾನೆ ಹಾಡುವ ಹೆಂಗಸರು, ಬುಟ್ಟಿಬುಟ್ಟಿ ಮದುವೆ ಮಂಡಕ್ಕಿ. ಹರಿಗೋಲುಗಳು ತಿರುತಿರುಗಿ ಬರುವಾಗ ಬಾನಿನಲ್ಲಿ ರಂಗೋಲಿ ಬಿಟ್ಟ ಹಾಗಿತ್ತು. ಕೊನೆಯ ತೋಪಿನ ಸದ್ದು ಕೇಳಿಯೇ ನಾವು ಹೊರಟಿದ್ದೆವು. ಬರುವಷ್ಟರಲ್ಲಿ ಬಟ್ಟೆ ಇಳಿದಿರಬೇಕಾಗಿತ್ತು.

ಇಳಿದಿರಲಿಲ್ಲ. ಕಂಬದ ತುದಿಯಲ್ಲಿ ಕೆಂಪು ಹಾಗೆಯೇ ಇತ್ತು.

ಹುಲಿಗೆವ್ವ ಹುಟ್ಟು ಅಡ್ಡ ಹಿಡಿದು ಹರಿಗೋಲನ್ನು ಇದ್ದಲ್ಲೇ ತಿರುಗಿಸತೊಡಗಿದಳು. ಹಿಂದಿನವರೂ ನಿಂತರು. ಹಲಗೆ ನಿಂತಿತು. ಹೊತ್ತು ಏರುತ್ತಿತ್ತು.

"ತಂಗೀ, ಗುಂಡು ಮುಗಿದಾವಲ್ಲ, ನಾವ ಕೇಳೀವಿ. ನಡಿ ಹೋಗೂಣು" ಎಂದು ಹೊನ್ನೂರಪ್ಪ ಕೂಗಿದ. "ಮುಹೂರ್ತ ತಪ್ಪತೈತಿ!"

"ಕೆಂಪು ಅಂದ್ರ ಕೆಂಪಣ್ಣಾ."

"ಕೋಟಿಯವರು ಮರೆತಾರ!"

"ಮರೆತಿರಬೌದು. ಗುಂಡು ಇನ್ನೂ ಒಂದು ಉಳಿದಿರಲೂಬೌದು. ಇವತ್ತು ನಾ ನುಗ್ಗಿದ್ರ ನಾಳೆ ಎಲ್ಲರೂ ನುಗ್ತಾರ. ನಾಡಿದ್ದು ಒಂದು ಹುಟ್ಟು ಬೇವಿನ ಮರಕ್ಕ ಬರತೈತಿ. ಬಟ್ಟಿ ಮಾತಿಗೆ ಬೆಲಿ ಇರಲಿ ಅಂತಲೇ ನಾ ಕೋಟಿ ಹತ್ತಿದ್ದು."

ಒಳಗೆ ನನಗೂ ಹೋಗಿಬಿಡೋಣ ಅನ್ನಿಸುತ್ತಿತ್ತು. ಈಚೆ ಕಟ್ಟೆಯ ಮೇಲೆ ಅರಿಶಿನದ ಸೀರೆಯಲ್ಲಿ ನಿಂತ ತುಂಗಿ ಸಣ್ಣ ಹಳದಿ ಚುಕ್ಕೆಯ ಹಾಗೆ ಕಾಣುತ್ತಿದ್ದಳು. ಹುಲಿಗೆವ್ವನಿಗೂ ಕಾಣುತ್ತಿತ್ತು. ಆದರೂ ಹರಿಗೋಲು ಒಂದು ಮೊಳವೂ ಮುಂದೆ ಹೋಗಲಿಲ್ಲ.

ಆಗ ಅಜ್ಜಿ ಕಣ್ಣಿನ ಸೆರಗು ಸರಿಸಿದಳು. "ಯಾಕ ನಿಂತೀವಿ? ಕೊರಕಲು ಬಂತೇನು?"

"ಇಲ್ಲ ಯವ್ವಾ, ಕೊರಕಲು ಆ ಕಡಿ ಉಳೀತು. ಕೋಟಿಯವರ ಅಪ್ಪಣೆಗೆ ನಿಂತೀವಿ."

"ಗಾಳೆಮ್ಮಗ ಮಂಡಕ್ಕಿ ತೂರೀರೇನು?"

"ಹೊರಡುವಾಗ ತೂರೀವಿ."

"ನಿಂತಾಗ ಇನ್ನೊಮ್ಮಿ ತೂರಬೇಕವ್ವಾ. ನಿಂತ ಮಕ್ಕಳನ್ನ ತಾಯಿ ಮರೀತಾಳ" ಎಂದು ಅಜ್ಜಿ ಮಡಿಲಿನಿಂದ ಒಂದು ಹಿಡಿ ತೆಗೆದು ಗಾಳಿಗೆ ಬಿಟ್ಟಳು. ಮಂಡಕ್ಕಿ ಮೇಲೆದ್ದು, ಒಂದು ಗಳಿಗೆ ಅನುಮಾನಿಸಿ, ನೆಟ್ಟಗೆ ಕೋಟೆಯ ಕಡೆ ಹಾರಿತು. ಹುಲಿಗೆವ್ವ ಅದನ್ನು ಕಂಡಳು, ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಗು ಮೂಡಿದ್ದನ್ನು ಕಂಡಾಗ ನನಗೂ ಹೊಳೆಯಿತು.

"ಎಲ್ಲಾರೂ ತೂರ್ರೀ!" ಎಂದು ಕೂಗಿದಳು. "ಮದುವಿ ಮಂಡಕ್ಕಿ ಪೂರಾ ತೂರ್ರಿ! ಬುಟ್ಟಿ ಬೋರಲು ಹಾಕ್ರಿ! ಹಲಗಿ ಬಾರಿಸ್ರೋ!"

ಬುಟ್ಟಿಗಳು ಬರಿದಾದವು. ಬಾನು ಬೆಳ್ಳಗಾಯಿತು. ಗಾಳೆಮ್ಮ ಅಷ್ಟನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕೋಟೆಯ ಅಂಗಳದಲ್ಲಿ ಸುರಿದಳು.

ಒಳಗೆ ಆದದ್ದನ್ನು ದಾದಾಪೀರ ಆಮೇಲೆ ಊಟದ ಸಾಲಿನಲ್ಲಿ ಹೇಳಿದ. ಮದುವೆಯ ದಿನವೆಂದು ಗೌರವಕ್ಕೆ ಅವತ್ತು ಕೆಂಪು ಬಟ್ಟೆಯನ್ನು ಕಿಲ್ಲೇದಾರರೇ ಕಟ್ಟಿದ್ದರು. ಆದರೆ ಸೋಮವಾರ ಅವರ ಉಪವಾಸ. ಊಟವೇ ಇಲ್ಲದವರಿಗೆ ಹಸಿವು ನೆನಪು ಮಾಡುವುದೇನು? ಗುಂಡು ಮುಗಿಸಿ ಅಂಗಳದ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ಜಪಕ್ಕೆ ಕೂತರು, ಜಪ ಒಳ್ಳೆಯ ಜಪವಾಗಿ ಲೋಕ ಮರೆತುಹೋಯಿತು. ಕಟ್ಟಿದವರೇ ಬಿಚ್ಚಬೇಕು, ದಾದಾಪೀರ ಮುಟ್ಟುವಂತಿಲ್ಲ. ಜಪ ಕೆಡಿಸಲು ಅವನಿಗೆ ಧೈರ್ಯ ಸಾಲದು. ಕೆಮ್ಮಿ ನೋಡಿದ, ಕಾಗೆ ಓಡಿಸಿದಂತೆ ಮಾಡಿ ನೋಡಿದ. ಅಷ್ಟರಲ್ಲಿ ಬಾನಿನಿಂದ ಮಂಡಕ್ಕಿಯ ಮಳೆ. ಪಾಗಿನ ಮೇಲೆ, ಭುಜದ ಮೇಲೆ, ಮಡಿಲಿನಲ್ಲಿ, ಜಪಮಾಲೆಯ ಮೇಲೆ ಮಂಡಕ್ಕಿ. ಅದರ ಹಿಂದೆಯೇ ಕೋಟೆಯ ಗುಬ್ಬಿಗಳೆಲ್ಲ ಇಳಿದು ಕಿಲ್ಲೇದಾರರ ತಲೆಯ ಮೇಲೆ ಚಿಲಿಪಿಲಿ ಹಚ್ಚಿದವು. ಕಣ್ಣು ಬಿಟ್ಟವರು ಮೊದಲು ಇದು ದೇವರ ಪ್ರಸಾದವೆಂದು ಕಣ್ಣಿಗೊತ್ತಿಕೊಂಡರಂತೆ. ಆಮೇಲೆ ಮೇಲೆ ನೋಡಿದರಂತೆ.

ನಮಗೆ ಕಂಡದ್ದು ಇಷ್ಟು: ಬಿಳಿ ಧೋತರದ ಮುದುಕರೊಬ್ಬರು ಬರಿಗಾಲಲ್ಲಿ ಬುರುಜಿನ ಮೆಟ್ಟಿಲು ಹಾರಿ ಹಾರಿ ಹತ್ತುತ್ತಿದ್ದಾರೆ, ಅವರ ಹಿಂದೆ ಗುಬ್ಬಿಗಳ ಹಿಂಡು. ಹಗ್ಗ ಎಳೆದರು. ಕೆಂಪು ಇಳಿಯಿತು. ಅದನ್ನು ಎದೆಗೆ ಅವುಚಿಕೊಂಡು ಇನ್ನೊಂದು ಕೈಯಿಂದ ಬನ್ನಿ ಬನ್ನಿ ಎಂದು ಕರೆದರು.

ಹಲಗೆಯ ಸದ್ದಿಗೆ ಕಣಿವೆ ತುಂಬಿತು. ಹುಲಿಗೆವ್ವ ಹುಟ್ಟು ಹಾಕಿದ ಬಿರುಸಿಗೆ ನಾನು ಅಜ್ಜಿಯ ಮಡಿಲಿಗೆ ಬಿದ್ದೆ. "ಭಾರ ಸರಿಯಾಗಿ ಕುಂದರ್ಲಿ" ಎಂದು ಇಬ್ಬರೂ ಬೈದರು. ಕೋಟೆಯ ನೇರ ಮೇಲೆ ಬಂದಾಗ ಅಜ್ಜಿ ಹರಿಗೋಲಿನ ಅಂಚಿಗೆ ಕೈ ಊರಿ ಬಗ್ಗಿ ನೋಡಿದಳು. ತೋಪುಗಳು, ಹಪ್ಪಳ, ಕೈ ಬೀಸುವ ಸಿಪಾಯಿಗಳು. "ಅಯ್ಯ, ಇಷ್ಟ ಏನ ಕೋಟಿ ಅಂದ್ರ! ಇದಕ್ಕ ಅಂಜಿ ನನ್ನ ಗಂಡ ಕೊರಕಲಿಗೆ ಹೋದನಲ್ಲವ್ವ" ಎಂದಳು. ಮಡಿಲಲ್ಲಿ ಉಳಿದಿದ್ದ ಕೊನೆಯ ನಾಲ್ಕು ಕಾಳು ಮಂಡಕ್ಕಿಯನ್ನು ಕೊರಕಲಿನ ಕಡೆಗೆ ಬಿಟ್ಟಳು.

ಹೊತ್ತು ನೆತ್ತಿಗೆ ಬರುವುದರೊಳಗೆ ಅಜ್ಜಿಯ ಕೈಯಿಂದಲೇ ತುಂಗಿಯ ಕಾಲಿಗೆ ಉಂಗುರ ಏರಿತು. ಮಂಡಕ್ಕಿ ಮಾತ್ರ ಒಂದು ಕಾಳೂ ಉಳಿದಿರಲಿಲ್ಲ. ಮದುವೆಗೆ ಬಂದವರಿಗೆ ಹೋಳಿಗೆಯನ್ನೇ ಹೆಚ್ಚು ಬಡಿಸಿದೆವು. ಕಿಲ್ಲೇದಾರರ ಪಾಲನ್ನು ಲಿಂಗವ್ವ ಬಾಳೆಎಲೆಯಲ್ಲಿ ಕಟ್ಟಿ ಒಯ್ದಳು, ಉಪವಾಸ ಬಿಟ್ಟ ಮೇಲೆ ತಿನ್ನಲೆಂದು. ಅವಳು ತಿರುಗಿ ಬರುವಾಗ ಅವರು ಬಾಲಕ್ಕೊಂದು ಬಾಲ ಕಟ್ಟಿ ಕಳಿಸಿದ್ದರು: ಉಪವಾಸ ಇರುವವರು ಆ ದಿನ ಬಟ್ಟೆ ಕಟ್ಟಬಾರದು.

ತುಂಗಿ ಈ ಪಂಚಮಿಗೆ ಬಂದಿದ್ದಳು, ನೇರ ದಾರಿಯಲ್ಲಿ, ಹೋಳಿಗೆ ಆರುವುದರೊಳಗೆ. ಬೇವಿನ ಮರದ ಕೆಳಗೆ ನಾನು ಈಗಲೂ ದೀಪ ಹಚ್ಚುತ್ತೇನೆ. ಹಳೆಯ ಹುಟ್ಟುಗಳು ಟಕ್ ಟಕ್ ಎನ್ನುತ್ತವೆ, ಹೊಸದೊಂದು ಸೇರಿಲ್ಲ. ನಮ್ಮ ಅಂಬಿಗರು ಈಗ ಹೊರಡುವಾಗ ಎರಡು ಹಿಡಿ ಮಂಡಕ್ಕಿ ಒಯ್ಯುತ್ತಾರೆ. ಒಂದನ್ನು ಕಟ್ಟೆಯ ಮೇಲೆ ಗಾಳೆಮ್ಮನಿಗೆ ತೂರುತ್ತಾರೆ. ಇನ್ನೊಂದನ್ನು ಕೋಟೆಯ ಮೇಲೆ ಹಾಯುವಾಗ ಕೆಳಗೆ ಬಿಡುತ್ತಾರೆ. ಅಲ್ಲಿನ ಗುಬ್ಬಿಗಳು ಬಹಳ ದಪ್ಪಗಾಗಿವೆ.